ಹಳೆ ಮನೆ ಕೊಂಡು ಬಾಡಿಗೆಗೆ ಬಿಡುವವರಿಗೆ: ಲೆಕ್ಕ ಮೊದಲು, ಪೇಂಟ್ ಕೊನೆಗೆ

ಪ್ರಶ್ನೆ: ಸ್ವಲ್ಪ ಉಳಿತಾಯವಿದೆ. ಅದಕ್ಕೆ ಸಾಲ ಸೇರಿಸಿ ಎರಡು ಕೋಣೆಯ ಹಳೆ ಮನೆಯೊಂದನ್ನು ಕೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಬಿಡಬೇಕೆಂದಿದ್ದೇನೆ. ಮನೆ ಕಟ್ಟಿ ಸುಮಾರು 30 ವರ್ಷವಾಗಿದೆ. ‘ಪೇಂಟ್ ಹೊಡೆಸಿದರೆ ಸಾಕು, ಬೆಲೆಯ ಶೇ. 6ರಷ್ಟು ಬಾಡಿಗೆ ವರ್ಷಕ್ಕೆ ಬರುತ್ತೆ’ ಎಂದು ಮಾರುವವರು ಹೇಳುತ್ತಿದ್ದಾರೆ. ಅಡುಗೆಮನೆ ಪೂರ್ತಿ ಹೊಸದು ಮಾಡಿಸಿ, ಹಾಲ್‌ಗೆ ಫಾಲ್ಸ್ ಸೀಲಿಂಗ್ ಹಾಕಿಸುವ ಆಸೆ ನನಗಿದೆ. ಕೊಳ್ಳುವ ಮುಂಚೆ ಏನು ನೋಡಬೇಕು? ಯಾವುದಕ್ಕೆ ಖರ್ಚು ಮಾಡಬೇಕು? ಎಲ್ಲಾ ಕೆಲಸ ಒಂದೇ ಸಲ ಮಾಡಿಸಲೇ, ಬಾಡಿಗೆಗೆ ಬಿಟ್ಟ ಮೇಲೆ ನಿಧಾನಕ್ಕೆ ಮಾಡಿಸಲೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಅಡುಗೆಮನೆ ಇದೆ, ಫಾಲ್ಸ್ ಸೀಲಿಂಗ್ ಇದೆ, ಪೇಂಟ್ ಇದೆ. ಬಚ್ಚಲುಮನೆಯ ಮಾತಿಲ್ಲ, ತಾರಸಿಯ ಮಾತಿಲ್ಲ, ಪೈಪಿನ ಮಾತಿಲ್ಲ. ಬಾಡಿಗೆ ಮನೆಯಲ್ಲಿ ದುಡ್ಡು ಕಳೆದುಹೋಗುವುದು ಮುಖ್ಯವಾಗಿ ಎರಡು ಕಡೆ: ನೀರು ಸೋರುವ ಜಾಗದಲ್ಲಿ, ಮನೆ ಖಾಲಿ ಬಿದ್ದಿರುವ ತಿಂಗಳಲ್ಲಿ. ಈ ಎರಡನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಸಾಧಾರಣ ಮನೆಯೂ ವರ್ಷಗಟ್ಟಲೆ ಆದಾಯ ಕೊಡುತ್ತದೆ. ಬಿಟ್ಟರೆ ಎಷ್ಟೇ ಚೆಂದದ ಮನೆಯಾದರೂ ಕೈ ಕಚ್ಚುತ್ತದೆ. ಹಾಗಾಗಿ ನಾನು ಜಾಸ್ತಿ ಹೇಳುವುದು ಇವೆರಡರ ಬಗ್ಗೆಯೇ.

ಮೊದಲು ಆ ಶೇ. 6ರ ಲೆಕ್ಕ ಬಿಡಿಸೋಣ. ಮನೆಯ ಬೆಲೆ 100 ಎಂದು ಇಟ್ಟುಕೊಳ್ಳಿ. ನೋಂದಣಿ, ವಕೀಲರ ಶುಲ್ಕ, ಸಾಲದ ಶುಲ್ಕ ಎಲ್ಲಾ ಸೇರಿ ಇನ್ನೊಂದು 6 ಎನ್ನೋಣ. ರಿಪೇರಿಗೆ 14. ಅಲ್ಲಿಗೆ ನಿಮ್ಮ ಕೈಯಿಂದ ಹೋಗುವುದು 120. ಬರುವ ಬಾಡಿಗೆ ವರ್ಷಕ್ಕೆ 6, ಅಂದರೆ ತಿಂಗಳಿಗೆ ಅರ್ಧ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇರುತ್ತದೆ ಎಂದು ಹಿಡಿದರೆ ಉಳಿಯುವುದು 5.5. ಆಸ್ತಿ ತೆರಿಗೆ, ವಿಮೆ, ಕಟ್ಟಡದ ನಿರ್ವಹಣೆ, ಸಣ್ಣಪುಟ್ಟ ರಿಪೇರಿಗೆ 1 ತೆಗೆದಿಡಿ. ಕೈಗೆ ಸಿಗುವುದು 4.5. ಹಾಕಿದ 120ಕ್ಕೆ ಇದು ಶೇ. 3.75 ಆಯಿತು. ಆದಾಯ ತೆರಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಿಮ್ಮ ಊರಿನ ಅಂಕಿಗಳು ಬೇರೆ ಇರಬಹುದು, ಲೆಕ್ಕದ ರೀತಿ ಇದೇ.

ಸಾಲ ಬೇರೆ ತೆಗೆಯುತ್ತೀರಿ. 120ರಲ್ಲಿ 60 ಸಾಲ, ಬಡ್ಡಿ ಶೇ. 8 ಆದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 4.8. ನಿಮ್ಮ ನಿವ್ವಳ ಬಾಡಿಗೆ 4.5. ಅಸಲು ಕಟ್ಟುವ ಮಾತು ಹಾಗಿರಲಿ, ಬಡ್ಡಿಗೇ ಬಾಡಿಗೆ ಸಾಲುವುದಿಲ್ಲ. ‘ಮುಂದೆ ಆಸ್ತಿ ಬೆಲೆ ಏರುತ್ತೆ ಬಿಡಿ’ ಎಂದು ಸಮಾಧಾನ ಹೇಳುವವರು ಸಿಗುತ್ತಾರೆ. ಏರಬಹುದು. ಆದರೆ ಪ್ರತಿ ತಿಂಗಳ ಕಂತನ್ನು ಇವತ್ತಿನ ದುಡ್ಡಲ್ಲೇ ಕಟ್ಟಬೇಕಲ್ವಾ? ಸಂಬಳ ಎರಡು ಮೂರು ತಿಂಗಳು ನಿಂತರೂ, ಅದೇ ಹೊತ್ತಿಗೆ ಮನೆ ಖಾಲಿಯಾದರೂ ಕಂತು ತಪ್ಪದ ಹಾಗೆ ದುಡ್ಡು ಬೇರೆಯಾಗಿ ಇಟ್ಟಿರಬೇಕು. ಕನಿಷ್ಠ ಆರು ತಿಂಗಳ ಕಂತು ಎಂದು ನಾನು ಹೇಳುತ್ತೇನೆ. ಅದು ಇಲ್ಲದಿದ್ದರೆ ಈ ವರ್ಷ ಕೊಳ್ಳಬೇಡಿ.

ಇದೇ ಲೆಕ್ಕವನ್ನು ತಿರುಗಿಸಿ ಮಾಡಿದರೆ ಚೌಕಾಸಿಗೆ ಅನುಕೂಲ. ಹಾಕಿದ ಹಣಕ್ಕೆ ನಿಮಗೆ ಶೇ. 5 ಬೇಕು ಎಂದುಕೊಳ್ಳಿ. 4.5 ನಿವ್ವಳ ಬರುವ ಮನೆಗೆ ಒಟ್ಟು 90ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಅದರಲ್ಲಿ ರಿಪೇರಿಯ 14 ಕಳೆದು, ನೋಂದಣಿ ಖರ್ಚನ್ನೂ ಕಳೆದರೆ ಬೆಲೆ 72ರ ಹತ್ತಿರ ಬರುತ್ತದೆ. ಅವರು ಕೇಳಿದ್ದು 100. ಅಷ್ಟೊಂದು ಇಳಿಸಲಿಕ್ಕಿಲ್ಲ. ಆದರೂ ಎಲ್ಲಿಯವರೆಗೆ ಏರಬಹುದು, ಎಲ್ಲಿ ಕೈ ಮುಗಿದು ಎದ್ದು ಬರಬೇಕು ಎನ್ನುವುದು ನಿಮಗೆ ಗೊತ್ತಿರುತ್ತದೆ. ಮನೆ ಇಷ್ಟವಾದ ಮೇಲೆ ಲೆಕ್ಕ ಹಾಕಲು ಕೂತರೆ ಲೆಕ್ಕವೂ ಮನೆಯ ಕಡೆಗೇ ವಾಲುತ್ತದೆ. ಅದಕ್ಕೇ ಕಾಗದದ ಮೇಲೆ ಮೊದಲು ಬರೆದು, ಆಮೇಲೆ ಮನೆ ನೋಡಲು ಹೋಗಿ.

ಮನೆ ನೋಡಲು ಹೋಗುವುದಾದರೆ ಒಳ್ಳೆ ಮಳೆ ಬಂದ ಮಾರನೇ ದಿನ ಹೋಗಿ. ಬಿಸಿಲು ಕಾಲದಲ್ಲಿ ಎಲ್ಲಾ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ. ಬಚ್ಚಲುಮನೆಯ ಒಳಗೆ ನೋಡಿದ್ದಕ್ಕಿಂತ ಅದರ ಗೋಡೆಯ ಆಚೆ ಬದಿ ನೋಡಿ. ಅಲ್ಲಿ ಪೇಂಟ್ ಉಬ್ಬಿದ್ದರೆ, ಬೆರಳಿನಿಂದ ಒತ್ತಿದಾಗ ಗಾರೆ ಪುಡಿಪುಡಿಯಾಗಿ ಉದುರಿದರೆ, ಬಿಳಿ ಉಪ್ಪು ಕೂತಿದ್ದರೆ ನೀರು ಒಳಗೆ ಓಡಾಡುತ್ತಿದೆ ಎಂದೇ ಅರ್ಥ. ಆ ಉಪ್ಪು ಇಟ್ಟಿಗೆ, ಸಿಮೆಂಟಿನ ಒಳಗಿನದು. ನೀರಲ್ಲಿ ಕರಗಿ ಹೊರಗೆ ಬಂದು, ನೀರು ಆರಿದ ಮೇಲೆ ಗೋಡೆಯ ಮೇಲೆ ಉಳಿಯುತ್ತದೆ. ಒಂದೇ ಗೋಡೆಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ದರೆ ಯಾಕೆ ಅಂತ ಕೇಳಿ.

ತೇವ ಎಲ್ಲಿಂದ ಬರುತ್ತಿದೆ ಎನ್ನುವುದನ್ನು ಅದು ಇರುವ ಜಾಗವೇ ಬಹುಮಟ್ಟಿಗೆ ಹೇಳುತ್ತದೆ. ನೆಲದಿಂದ ಶುರುವಾಗಿ ಸುಮಾರು ಒಂದು ಮೀಟರ್ ಎತ್ತರದವರೆಗೆ ಮಾತ್ರ ಇದ್ದರೆ ಪಾಯದಿಂದ ಮೇಲೇರುತ್ತಿರಬಹುದು. ಚಾವಣಿಯ ಮಧ್ಯದಲ್ಲಿ ದುಂಡನೆ ಕಲೆಯಿದ್ದರೆ ಮೇಲಿನ ಮನೆಯ ಬಚ್ಚಲು ಅಥವಾ ತಾರಸಿ. ಕಿಟಕಿಯ ಕೆಳಮೂಲೆಯಲ್ಲಿದ್ದರೆ ಹೊರಗಿನ ಮಳೆನೀರು. ಅನುಮಾನವಿದ್ದರೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಬದಿಯಲ್ಲಿ ಕೂತಿದ್ದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ. ಕಿಟಕಿ, ಎಕ್ಸಾಸ್ಟ್ ಫ್ಯಾನ್ ಸರಿಮಾಡಿದರೆ ಕಡಿಮೆಯಾಗುತ್ತದೆ. ಒಂದಕ್ಕೆ ಗೋಡೆ ಒಡೆಯಬೇಕು, ಇನ್ನೊಂದಕ್ಕೆ ಫ್ಯಾನ್ ಸಾಕು. ಎರಡರ ಖರ್ಚಿಗೆ ಎಷ್ಟು ಅಂತರ ನೋಡಿ.

ನೀರಿನ ಮೀಟರ್ ಇದ್ದರೆ ಎಲ್ಲಾ ನಲ್ಲಿ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಮುಳ್ಳು ಅಲ್ಲಾಡಿದರೆ ಎಲ್ಲೋ ಸೋರುತ್ತಿದೆ. ಎರಡು ನಲ್ಲಿ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿ. ಹಳೆಯ ಜಿ.ಐ. ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್, ಒಳಗಿನಿಂದ ತುಕ್ಕು ಹಿಡಿದು ಕಿರಿದಾಗುತ್ತಾ ಹೋಗುತ್ತದೆ. ಹೊರಗೆ ಗಟ್ಟಿಯಾಗಿ ಕಂಡರೂ ನೀರು ಸಣ್ಣಗೆ ಬರುತ್ತದೆ, ಬೆಳಗಿನ ಮೊದಲ ನೀರು ಕೆಂಪಾಗಿರುತ್ತದೆ.

ಬಿರುಕಿನ ವಿಷಯ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕಿಗೆ ಹೆದರಬೇಡಿ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, 5 ಮಿಲಿಮೀಟರಿಗಿಂತ ಅಗಲ ಇರುವ ಬಿರುಕು ಬೇರೆ. ಚಾವಣಿಯ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದೂ ಬೇರೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಅದು ನಿಲ್ಲುವುದಿಲ್ಲ. ಇಂಥದ್ದು ಕಂಡರೆ ಮೇಸ್ತ್ರಿಯ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರವಣಿಗೆಯಲ್ಲಿ ಕೊಡಬೇಕು. ಅವರ ಶುಲ್ಕ ಮನೆಯ ಬೆಲೆಯ ಮುಂದೆ ಏನೇನೂ ಅಲ್ಲ. ಮಾರುವವರು ‘ಎಂಜಿನಿಯರ್ ಎಲ್ಲಾ ಯಾಕೆ’ ಎಂದರೆ ನಿಮಗೆ ಉತ್ತರ ಸಿಕ್ಕಿದಂತೆ.

ಈಗ ಅಲ್ಲಿ ಬಾಡಿಗೆಗೆ ಇರುವವರಿದ್ದರೆ ಐದು ನಿಮಿಷ ಮಾತಾಡಿ. ನೀರು ದಿನಾ ಬರುತ್ತಾ, ಮಳೆಗಾಲದಲ್ಲಿ ಯಾವ ಕೋಣೆಯಲ್ಲಿ ವಾಸನೆ, ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿ. ಅಕ್ಕಪಕ್ಕದವರನ್ನೂ ಕೇಳಿ. ಇದೇ ಬೀದಿಯಲ್ಲಿ ಎಷ್ಟು ಮನೆಗೆ ‘ಬಾಡಿಗೆಗಿದೆ’ ಬೋರ್ಡ್ ನೇತಾಡುತ್ತಿದೆ ಎಂದು ಎಣಿಸಿ. ದಾಖಲೆಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರು ಕೊಟ್ಟ ವಕೀಲರು ಬೇಡ.

ಇನ್ನು ಖರ್ಚು. ಯಾವುದೇ ಕೆಲಸಕ್ಕೆ ಕೈ ಹಾಕುವ ಮುಂಚೆ ಅದರ ಖರ್ಚನ್ನು ತಿಂಗಳ ಬಾಡಿಗೆಯ ಲೆಕ್ಕದಲ್ಲಿ ನೋಡಿ. ನಿಮ್ಮ ಫಾಲ್ಸ್ ಸೀಲಿಂಗ್‌ಗೆ ಎಂಟು ತಿಂಗಳ ಬಾಡಿಗೆಯಷ್ಟು ಹಿಡಿಯುತ್ತದೆ, ಅದರಿಂದ ಬಾಡಿಗೆ ಶೇ. 3 ಜಾಸ್ತಿ ಸಿಗುತ್ತದೆ ಎಂದುಕೊಳ್ಳಿ. ಹಾಕಿದ್ದು ವಾಪಸ್ ಬರಲು 22 ವರ್ಷ ಬೇಕು. ಅಷ್ಟರಲ್ಲಿ ಆ ಸೀಲಿಂಗನ್ನೇ ಬದಲಾಯಿಸಬೇಕಾಗಿ ಬರಬಹುದು. ಜೊತೆಗೆ ಮೇಲಿಂದ ನೀರು ಸೋರಿದರೆ ಕಲೆ ಮೂಡುವವರೆಗೆ ಅದು ಮುಚ್ಚಿಡುತ್ತದೆ. ಬಾಡಿಗೆ ಮನೆಗೆ ಬೇಡ. ಅಡುಗೆಮನೆಗೆ ಆರು ತಿಂಗಳ ಬಾಡಿಗೆ ಖರ್ಚಾಗಿ, ಬಾಡಿಗೆ ಶೇ. 10 ಏರಿದರೆ ಐದು ವರ್ಷದಲ್ಲಿ ದುಡ್ಡು ಬರುತ್ತದೆ. ಅದು ಯೋಚಿಸಬಹುದಾದ ಖರ್ಚು.

ಆದರೆ ಈ ಲೆಕ್ಕಕ್ಕೆ ಸೇರಿಸಬಾರದ ಕೆಲಸಗಳಿವೆ. ಮುಖ್ಯವಾದದ್ದು ಕರೆಂಟ್. 30 ವರ್ಷದ ಹಿಂದೆ ವೈರಿಂಗ್ ಮಾಡುವಾಗ ಮನೆಯಲ್ಲಿ ಇಷ್ಟೊಂದು ಯಂತ್ರಗಳು ಇರಲಿಲ್ಲ. ಅರ್ಥಿಂಗ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಅಳತೆ ಮಾಡಿಸಿ. 30 ಮಿಲಿಆಂಪಿಯರಷ್ಟು ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಲೀಕೇಜ್ ಬ್ರೇಕರ್ ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಸಾಮಾನ್ಯವಾಗಿ ದೀಪಕ್ಕೆ 1.5, ಪ್ಲಗ್ ಪಾಯಿಂಟಿಗೆ 2.5, ನೀರು ಕಾಯಿಸುವ ಗೀಸರಿನಂಥದ್ದಕ್ಕೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕುತ್ತಾರೆ. ನಿಮ್ಮಲ್ಲಿನ ನಿಯಮ ಇನ್ನೂ ಜಾಸ್ತಿ ಕೇಳಿದರೆ ಅದನ್ನೇ ಹಾಕಿಸಿ. ಇದರಿಂದ ಬಾಡಿಗೆ ಏರುತ್ತದೆಯೇ ಎಂದು ನೋಡಬೇಡಿ. ಆ ಮನೆಯಲ್ಲಿ ಮಕ್ಕಳು ಇರುತ್ತಾರೆ, ವಯಸ್ಸಾದವರು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುತ್ತಾರೆ. ಬಾಲ್ಕನಿಯ ಅಲ್ಲಾಡುವ ಕಂಬಿ, ಜಾರುವ ಬಚ್ಚಲು ನೆಲ, ಗಾಳಿ ಹೋಗಲು ದಾರಿಯಿಲ್ಲದ ಕಡೆ ಇಟ್ಟ ಗ್ಯಾಸ್ ಗೀಸರ್ ಇವೂ ಇದೇ ಸಾಲಿಗೆ ಸೇರುತ್ತವೆ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಹಾಗೇ ಉಜ್ಜಿ ದೂಳೆಬ್ಬಿಸಬೇಡಿ. ಆಸ್‌ಬೆಸ್ಟಾಸ್ ಶೀಟ್ ಇದ್ದರೆ ಅದನ್ನು ಕೊರೆಯುವುದು, ಒಡೆಯುವುದು ಬೇಡ, ತಿಳಿದವರಿಂದಲೇ ತೆಗೆಸಿ.

ಬಚ್ಚಲುಮನೆಗೆ ಬರೋಣ. ಬಾಡಿಗೆ ಮನೆಯ ರಿಪೇರಿಯಲ್ಲಿ ಮೈಯೆಲ್ಲಾ ಕಣ್ಣಾಗಿ ನಿಲ್ಲಬೇಕಾದ ಜಾಗ ಇದು. ಟೈಲ್ಸ್ ನೀರು ತಡೆಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ. ನೀರನ್ನು ನಿಜವಾಗಿ ತಡೆಯುವುದು ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಲೇಪ. ಹಳೆಯ ಟೈಲ್ಸ್ ಮೇಲೇ ಹೊಸದು ಅಂಟಿಸಿ ಕೆಲಸ ಮುಗಿಸುತ್ತೇನೆ ಎನ್ನುವವರಿಗೆ, ಸೋರುವ ಬಚ್ಚಲಿನಲ್ಲಿ ಒಪ್ಪಬೇಡಿ. ಕೆಳಗಿನ ಸೋರಿಕೆ ಹಾಗೇ ಉಳಿಯುತ್ತದೆ.

ನೆಲ ಬಿಚ್ಚಿದ ಮೇಲೆ ಮೊದಲು ಪೈಪ್ ಬದಲಾಯಿಸಿ. ಪೈಪಿಗೆ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ, ಗೋಡೆ ಮುಚ್ಚುವ ಮುಂಚೆ ಟೇಪಿನ ಅಳತೆ ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ. ಮುಂದೆ ಯಾರೋ ಟವೆಲ್ ರಾಡ್‌ಗೆ ರಂಧ್ರ ಕೊರೆಯುವಾಗ ಆ ಫೋಟೋದ ಬೆಲೆ ಗೊತ್ತಾಗುತ್ತದೆ. ಆಮೇಲೆ ನೆಲಕ್ಕೆ ವಾಟ. ಮೀಟರಿಗೆ 10ರಿಂದ 12 ಮಿಲಿಮೀಟರ್ ಇಳಿಜಾರು ಇರಲಿ, ಎಲ್ಲಾ ಕಡೆಯಿಂದ ನೀರು ಜಾಲಿಯ ಕಡೆಗೇ ಹೋಗಬೇಕು. ನಂತರ ಲೇಪ. ಮೊದಲ ಕೋಟ್ ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ ಹೊಡೆಯಬೇಕು. ನೆಲ ಗೋಡೆ ಸೇರುವ ಮೂಲೆಗೆ, ಪೈಪ್ ಹೊರಬರುವ ಸುತ್ತ ಬಲೆಯಂಥ ಪಟ್ಟಿ ಇಟ್ಟು ಹೊಡೆಯಬೇಕು. ಬಿರುಕು ಬಿಡುವುದು ಅಲ್ಲೇ. ಗೋಡೆಗೆ ಕನಿಷ್ಠ 30 ಸೆಂಟಿಮೀಟರ್, ಸ್ನಾನ ಮಾಡುವ ಕಡೆ 1.8 ಮೀಟರ್ ಎತ್ತರಕ್ಕೆ ಹೋಗಲಿ.

ಲೇಪ ಪೂರ್ತಿ ಒಣಗಿದ ಮೇಲೆ, ಟೈಲ್ಸ್ ಹಾಕುವ ಮುಂಚೆ ನೀರು ನಿಲ್ಲಿಸುವ ಪರೀಕ್ಷೆ ಮಾಡಿಸಿ. ಜಾಲಿಗೆ ಬಿರಡೆ ಹಾಕಿ, ಬಾಗಿಲಿಗೆ ಸಣ್ಣ ಕಟ್ಟೆ ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ಪೆನ್ಸಿಲಿನಿಂದ ಮಟ್ಟ ಗುರುತು ಹಾಕಿ. 24ರಿಂದ 48 ಗಂಟೆ ಬಿಟ್ಟು ಬಂದು ನೋಡಿ. ಗೆರೆಯಿಂದ ನೀರು ತುಸು ಇಳಿದರೆ ಆವಿಯಾಗಿರಬಹುದು. ಬೆರಳಗಲ ಇಳಿದರೆ ಎಲ್ಲೋ ಹೋಗಿದೆ. ಕೆಳಗಿನ ಮನೆಯ ಚಾವಣಿಯನ್ನು, ಪಕ್ಕದ ಕೋಣೆಯ ಗೋಡೆಯ ಬುಡವನ್ನು ಕೈಯಿಂದ ಮುಟ್ಟಿ ನೋಡಿ. ಕೆಲಸಗಾರರು ‘ಎರಡು ದಿನ ಸುಮ್ನೆ ಹಾಳು’ ಎನ್ನುತ್ತಾರೆ. ಒಪ್ಪಬೇಡಿ. ಆಮೇಲೆ ಸೋರಿದರೆ ಹೊಸ ಟೈಲ್ಸ್ ಒಡೆಯಬೇಕು, ಕೆಳಗಿನವರ ಮನೆಗೂ ಪೇಂಟ್ ಹೊಡೆಸಿಕೊಡಬೇಕು, ಇರುವ ಬಾಡಿಗೆದಾರರನ್ನೂ ಕಳೆದುಕೊಳ್ಳಬೇಕು.

ಕೆಲಸದ ಕ್ರಮ ತಪ್ಪಿದರೆ ಅದೇ ಕೆಲಸ ಎರಡು ಸಲ ಆಗುತ್ತದೆ. ಮೊದಲು ಒಡೆಯುವ ಕೆಲಸ, ತಾರಸಿ ಮತ್ತು ಹೊರಗೋಡೆಯ ರಿಪೇರಿ. ಆಮೇಲೆ ಪೈಪ್, ವೈರ್. ಆಮೇಲೆ ಗಾರೆ, ವಾಟರ್‌ಪ್ರೂಫಿಂಗ್, ಟೈಲ್ಸ್. ಮರಗೆಲಸದ ನಂತರ ಪೇಂಟ್. ನಲ್ಲಿ, ಸ್ವಿಚ್ ಪ್ಲೇಟ್ ಎಲ್ಲಕ್ಕಿಂತ ಕೊನೆಗೆ. ಹೊಸ ಸಿಮೆಂಟ್ ಗಾರೆಗೆ ಒಂದು ವಾರ ನೀರು ಉಣಿಸಬೇಕು, ಪೇಂಟ್‌ಗೆ ಮುಂಚೆ ಸುಮಾರು 28 ದಿನ ಒಣಗಲು ಬಿಡಬೇಕು. ಹಸಿ ಗಾರೆಯಲ್ಲಿ ಕ್ಷಾರ ಜಾಸ್ತಿ, ಮೇಲೆ ಹೊಡೆದ ಬಣ್ಣ ಸುಲಿದು ಬರುತ್ತದೆ. ಒಂದು ತಿಂಗಳ ಬಾಡಿಗೆ ಹೋಗುತ್ತದಲ್ಲಾ ಎಂದು ಅವಸರ ಬೇಡ. ಗಾರೆ ಕೆಲಸವನ್ನು ಮೊದಲ ವಾರದಲ್ಲೇ ಮುಗಿಸಿಕೊಂಡರೆ, ಅದು ಒಣಗುವಷ್ಟರಲ್ಲಿ ಬೇರೆ ಕೆಲಸ ಸಾಗುತ್ತಿರುತ್ತದೆ.

ಸಾಮಾನು ಆರಿಸುವಾಗ ನಿಮ್ಮ ರುಚಿ ಪಕ್ಕಕ್ಕಿಡಿ. ಬಿಡಿಭಾಗ ಸುಲಭವಾಗಿ ಸಿಗುವ ನಲ್ಲಿ, ಹಿತ್ತಾಳೆಯದು. ಬಚ್ಚಲಿಗೆ ಜಾರದ ಮ್ಯಾಟ್ ಟೈಲ್ಸ್. ಎಲ್ಲಾ ಕೋಣೆಗೂ ಒಂದೇ ತಿಳಿ ಬಣ್ಣ, ಅದರ ಕೋಡ್ ಬರೆದಿಡಿ. ಬಾಡಿಗೆದಾರರು ಬದಲಾದಾಗ ಕಲೆಯಾದ ಕಡೆ ಮಾತ್ರ ಹಚ್ಚಿದರೆ ಸಾಕಾಗುತ್ತದೆ. ಒಂದು ಪೆಟ್ಟಿಗೆ ಟೈಲ್ಸ್ ಹೆಚ್ಚಿಗೆ ತಂದು ಅಟ್ಟದ ಮೇಲಿಡಿ. ಅದೇ ಡಿಸೈನ್ ಮೂರು ವರ್ಷದ ಮೇಲೆ ಸಿಗುವುದಿಲ್ಲ. ಅಡುಗೆಮನೆಯ ಕೆಳ ಕಪಾಟು ನೇರ ನೆಲಕ್ಕೆ ತಾಗದೆ 10 ಸೆಂಟಿಮೀಟರ್ ಕಟ್ಟೆಯ ಮೇಲೆ ಅಥವಾ ಕಾಲಿನ ಮೇಲೆ ನಿಲ್ಲಲಿ. ಸಿಂಕಿನ ಕೆಳಗಿನ ಹಲಗೆ ಮೊದಲು ಉಬ್ಬುತ್ತದೆ, ಅಲ್ಲಿಗೆ ಮಾತ್ರವಾದರೂ ನೀರು ತಡೆಯುವ ಹಲಗೆ ಹಾಕಿಸಿ.

ಕೆಲಸಗಾರರ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಬಾಯಿಮಾತಿನ ಒಪ್ಪಂದದಿಂದ ಇಬ್ಬರಿಗೂ ನಷ್ಟ. ಒಡೆದ ಕಸ ಸಾಗಿಸುವುದು ಯಾರು, ಎಷ್ಟು ಪಾಯಿಂಟ್, ಯಾವ ದರ್ಜೆಯ ಪೈಪ್, ಯಾವಾಗ ಮುಗಿಯಬೇಕು ಎಲ್ಲಾ ಬರೆಯಿರಿ. ಮೂವರಿಂದ ದರ ತರಿಸಿ. ಒಬ್ಬರದ್ದು ತೀರಾ ಕಡಿಮೆ ಇದ್ದರೆ ಅವರ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕಿ. ಮುಗಿದ ಹಂತಕ್ಕೆ ತಕ್ಕಂತೆ ದುಡ್ಡು ಕೊಡಿ, ಕೊಡುವ ದಿನ ತಡ ಮಾಡಬೇಡಿ. ಕೊನೆಯ ಶೇ. 10ನ್ನು ನೀರು, ಕರೆಂಟ್ ಒಂದು ತಿಂಗಳು ಬಳಸಿ ನೋಡಿದ ಮೇಲೆ ಕೊಡುತ್ತೇನೆ ಎಂದು ಮೊದಲೇ ಬರೆದಿರಿ. ಹಳೆ ಮನೆಯ ಗೋಡೆ ಬಿಚ್ಚಿದಾಗ ಎಣಿಸದ್ದು ಏನಾದರೂ ಸಿಕ್ಕೇ ಸಿಗುತ್ತದೆ. ಅಂದಾಜಿನ ಮೇಲೆ ಶೇ. 15ರಿಂದ 20 ಬೇರೆ ತೆಗೆದಿಡಿ.

ಮನೆ ತಯಾರಾದ ಮೇಲೆ ಖಾಲಿ ತಿಂಗಳ ಪ್ರಶ್ನೆ. ಶೇ. 5 ಜಾಸ್ತಿ ಬಾಡಿಗೆ ಬೇಕು ಎಂದು ಒಂದು ತಿಂಗಳು ಕಾದರೆ, ಆ ಒಂದು ತಿಂಗಳ ನಷ್ಟ ತುಂಬಲು 20 ತಿಂಗಳು ಬೇಕು. ಅಷ್ಟರೊಳಗೆ ಅವರು ಬಿಟ್ಟು ಹೋಗಿರಲೂಬಹುದು. ಬೀದಿಯ ದರಕ್ಕಿಂತ ತುಸು ಕಡಿಮೆ ಹೇಳಿ, ಒಳ್ಳೆಯವರನ್ನು ಆರಿಸಿ, ಅವರನ್ನು ಉಳಿಸಿಕೊಳ್ಳಿ. ಉಳಿಸಿಕೊಳ್ಳುವುದಕ್ಕೆ ದೊಡ್ಡ ಉಪಾಯವೇನೂ ಬೇಡ. ನಲ್ಲಿ ಸೋರುತ್ತಿದೆ ಎಂದು ಫೋನ್ ಬಂದರೆ ಎರಡು ದಿನದೊಳಗೆ ಪ್ಲಂಬರ್ ಹೋಗಬೇಕು, ಅಷ್ಟೇ. ರಿಪೇರಿ ಹೇಳಿದರೆ ಬಾಡಿಗೆ ಏರಿಸುತ್ತಾರೆ ಎಂದು ಹೆದರಿದ ಬಾಡಿಗೆದಾರರು ಸೋರಿಕೆಯನ್ನು ಹೇಳುವುದೇ ಇಲ್ಲ. ಗೋಡೆ ಹಾಳಾದ ಮೇಲೆ ನಿಮಗೆ ತಿಳಿಯುತ್ತದೆ. ಕರಾರು ಪತ್ರ ಬರವಣಿಗೆಯಲ್ಲಿರಲಿ, ಮನೆ ಕೊಡುವ ದಿನ ಪ್ರತಿ ಕೋಣೆಯ ಫೋಟೋ, ಮೀಟರ್ ರೀಡಿಂಗ್ ಇಬ್ಬರ ಬಳಿಯೂ ಇರಲಿ. ಠೇವಣಿ ವಾಪಸ್ ಕೊಡುವಾಗ ಜಗಳಕ್ಕೆ ಜಾಗವೇ ಇರುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆ, ಒಂದೇ ಸಲವೋ ನಿಧಾನಕ್ಕೋ. ತಾರಸಿ, ಪೈಪ್, ಬಚ್ಚಲು, ವೈರಿಂಗ್ ಇವನ್ನು ಮೊದಲ ಬಾಡಿಗೆದಾರರು ಬರುವ ಮುಂಚೆ ಮುಗಿಸಿ. ಜನ ಇರುವ ಮನೆಯಲ್ಲಿ ಗೋಡೆ ಕೊರೆಯುವುದು ಅವರಿಗೂ ಹಿಂಸೆ, ಖರ್ಚೂ ಜಾಸ್ತಿ. ಅಡುಗೆಮನೆಯ ಮೇಲಿನ ಕಪಾಟು, ಬಟ್ಟೆಯ ಕಪಾಟು, ಹಾಲ್‌ನ ದೀಪಗಳು ಕಾಯಬಹುದು. ಮೊದಲ ಬಾಡಿಗೆದಾರರು ಹೊರಡುವಾಗ ಈ ಮನೆಯಲ್ಲಿ ಏನು ಕಷ್ಟವಾಯಿತು ಎಂದು ಕೇಳಿ, ಅವರು ಹೇಳಿದ್ದನ್ನೇ ಮುಂದಿನ ಸಲ ಮಾಡಿಸಿ. ಸದ್ಯಕ್ಕೆ ಮುಂಗಡ ಕೊಡಬೇಡಿ. ಮಳೆಯ ಮಾರನೇ ದಿನ ಮನೆ ನೋಡಿ, ಎಂಜಿನಿಯರ್ ವರದಿ ತರಿಸಿ, ಅದರಲ್ಲಿ ಬಂದ ರಿಪೇರಿ ಖರ್ಚನ್ನು ಮೇಲಿನ ಲೆಕ್ಕದ 14ರ ಜಾಗದಲ್ಲಿ ಇಟ್ಟು ಬೆಲೆ ಹೇಳಿ.